ಸೂಜಿಯಕ್ಕನ ಹೊಟ್ಟೆಕಿಚ್ಚು

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಮೇಜಿನ ಮೇಲೆ ಪುಟ್ಟ ಮೋಟಾರು ಗುಂಯ್‌ಗುಡುತ್ತದೆ. ಉದ್ದನೆಯ ಸೂಜಿಯೊಂದು ಗಾಜಿನ ಕೊಳವೆಗೆ ಇಳಿದು, ಒಂದು ಗುಟುಕು ನೀರು ಹೀರಿ, ಪಕ್ಕದ ಹಳೆಯ ಯಂತ್ರಕ್ಕೆ ಉಣಿಸಿ, ತೊಳೆದುಕೊಂಡು ಮುಂದಿನ ಕೊಳವೆಗೆ ಸರಿಯುತ್ತದೆ. ನೀರಿನಲ್ಲಿ ನೈಟ್ರೇಟ್ ಎಷ್ಟಿದೆಯೆಂದು ಯಂತ್ರ ಹೇಳುತ್ತದೆ. ಅದನ್ನು ಕೈಕಟ್ಟಿ ನೋಡುತ್ತ ನಿಂತಿರುವ ಹೆಂಗಸನ್ನು ಇಲ್ಲಿ ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದೇ.

ಐವತ್ತೊಂದರ ಈಕೆ ಇಪ್ಪತ್ತಾರು ವರ್ಷದಿಂದ ಇಲ್ಲಿ ಸಹಾಯಕಿ. ಮೊದಲೆಲ್ಲ ಪ್ರತಿ ಮಾದರಿಯನ್ನೂ ಪೈಪೆಟ್ ಹಿಡಿದು ಕೈಯಲ್ಲೇ ಹೀರಿ ಹಾಕಬೇಕಿತ್ತು. ದಿನಕ್ಕೆ ನಲವತ್ತು ಮುಗಿಸುವಷ್ಟರಲ್ಲಿ ಹೆಬ್ಬೆರಳು ಮರಗಟ್ಟುತ್ತಿತ್ತು. ಆ ಕೆಲಸಕ್ಕೊಂದು ಯಂತ್ರ ಕೊಡಿಸಿ ಎಂದರೆ ಕಚೇರಿ ಕಿವಿಗೇ ಹಾಕಿಕೊಳ್ಳಲಿಲ್ಲ. ಕೊನೆಗೆ ಗುಜರಿಗೆ ಹೊರಟಿದ್ದ ಪ್ರಿಂಟರನ್ನು ಬಿಚ್ಚಿ, ಹೊಲಿಗೆ ಯಂತ್ರ ರಿಪೇರಿ ಮಾಡುವ ಗಂಡನನ್ನು ಜೊತೆಗೆ ಕೂರಿಸಿಕೊಂಡು, ಒಂದೂವರೆ ವರ್ಷ ತಿಣುಕಾಡಿ ತಾವೇ ಕಟ್ಟಿದರು. ಈಗ ದಿನಕ್ಕೆ ತೊಂಬತ್ತಾರು ಮಾದರಿ. ನಕ್ಷೆ, ಪ್ರೋಗ್ರಾಂ ಎಲ್ಲವನ್ನೂ ಯಾರು ಬೇಕಾದರೂ ಬಳಸಲಿ ಎಂದು ಅಂತರ್ಜಾಲಕ್ಕೆ ಬಿಟ್ಟುಕೊಟ್ಟರು. ಹನ್ನೊಂದು ಪ್ರಯೋಗಾಲಯಗಳು ಕಟ್ಟಿಕೊಂಡವು.

ಹಿಂದೊಮ್ಮೆ ಇಲ್ಲೇ ಎರಡು ತಿಂಗಳು ಕೆಲಸ ಕಲಿತಿದ್ದ ಹುಡುಗಿಯೊಬ್ಬಳು ಈಗ ಬೇರೆ ಊರಿನ ಹಾಲಿನ ಡೇರಿಯಲ್ಲಿದ್ದಾಳೆ. ಕಳೆದ ವರ್ಷ ಅವಳು ಅದೇ ನಕ್ಷೆಯನ್ನು ತಿದ್ದಿ, ಮೂಲ ಯಾರದೆಂದು ಮೊದಲ ಸಾಲಿನಲ್ಲೇ ಬರೆದು, ತನ್ನದನ್ನೂ ಹಂಚಿದಳು. ಆರೇ ತಿಂಗಳಲ್ಲಿ ಅದು ನೂರ ನಲವತ್ತು ಕಡೆ ಓಡತೊಡಗಿತು. ಸಮ್ಮೇಳನದಲ್ಲಿ ಮಾತಾಡಲು ಅವಳಿಗೇ ಕರೆ ಬಂತು.

"ಸುಳ್ಳು ಯಾಕೆ ಹೇಳಲಿ, ಹೊಟ್ಟೆ ಉರೀತು," ಎನ್ನುತ್ತಾರೆ ಸೂಜಿಯಕ್ಕ. "ಪೈಪೆಟ್ ಹಿಡಿಯೋದನ್ನೂ ನಾನೇ ಕಲಿಸಿದ್ದು. ಅವಳ ಫೋನ್ ಬಂದ್ರೆ ತೆಗೀತಾನೇ ಇರ್ಲಿಲ್ಲ."

ಮೊಸರಿನಲ್ಲಿ ಕಲ್ಲು ಹುಡುಕಲೆಂದೇ ಅವಳ ಯಂತ್ರವನ್ನು ಮನೆಯ ಊಟದ ಮೇಜಿನ ಮೇಲೆ ಕಟ್ಟಿದರು. ಮೂರು ವಾರ ಹಿಡಿಯಿತು. ಹೆಂಡತಿ ಒಂದೊಂದು ತಿರುಪನ್ನೂ ಒರೆಸಿ ಕೂರಿಸುವುದನ್ನು ನೋಡಿದ ಗಂಡ, ಆಗದವರ ಯಂತ್ರವನ್ನು ಯಾರೂ ಇಷ್ಟು ಮುತುವರ್ಜಿಯಿಂದ ಕಟ್ಟುವುದಿಲ್ಲ ಎಂದು ನಕ್ಕರಂತೆ. ಆಮೇಲೆ ಅದನ್ನು ಪ್ರಯೋಗಾಲಯಕ್ಕೆ ತಂದು ಎರಡೂ ಯಂತ್ರಗಳಿಗೆ ಪಂದ್ಯ. ಒಂದು ಕೊಳವೆಯಲ್ಲಿ ಗಾಢವಾದ ನೈಟ್ರೇಟ್ ದ್ರಾವಣ, ಮುಂದಿನದರಲ್ಲಿ ಶುದ್ಧ ನೀರು. ಹುಡುಗಿಯ ಸೂಜಿ ನಡುವೆ ಎರಡು ಸಲ ತೊಳೆದುಕೊಳ್ಳುತ್ತಿತ್ತು. ಶುದ್ಧ ನೀರಿಗೆ ಸೊನ್ನೆ ಬಂತು. ತಮ್ಮ ಸೂಜಿಯಲ್ಲಿ ಸೊನ್ನೆ ಬರಲಿಲ್ಲ. ಹಿಂದಿನ ಕೊಳವೆಯ ಒಂದಂಶ ಮುಂದಿನದಕ್ಕೆ ಅಂಟಿಕೊಂಡೇ ಹೋಗುತ್ತಿತ್ತು. ಪಕ್ಕದ ತಟ್ಟೆಯ ನೊಣ ಹುಡುಕಲು ಹೋದವರಿಗೆ ತಮ್ಮ ತಟ್ಟೆಯ ಹೆಗ್ಗಣ ಕಂಡಿತ್ತು.

ಹಳೆಯ ವರದಿಗಳನ್ನು ತಿರುವಿ ಹಾಕಿದರು. ನಾಲ್ಕು ತಿಂಗಳ ಹಿಂದೆ ಒಂದು ಬೀದಿಯ ಕೊಳವೆಬಾವಿಗೆ ಬೀಗ ಬಿದ್ದಿತ್ತು. ನೈಟ್ರೇಟ್ ಮಿತಿಗಿಂತ ಲೀಟರಿಗೆ ಮೂರು ಮಿಲಿಗ್ರಾಂ ಹೆಚ್ಚು ಎಂದು ಬರೆದಿದ್ದು ಇವರೇ. ಅಂದು ಅದರ ಹಿಂದಿನ ಕೊಳವೆಯಲ್ಲಿದ್ದದ್ದು ಚರಂಡಿ ಪಕ್ಕದ ಬಾವಿಯ, ನೈಟ್ರೇಟ್ ತುಂಬಿದ ನೀರು.

ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮರುದಿನ ಮುಖ್ಯಾಧಿಕಾರಿಯ ಮುಂದೆ ನಿಂತು ಎಲ್ಲ ಹೇಳಿದರು, ಬೈಸಿಕೊಂಡರು. ಹೊಸದಾಗಿ ನೀರು ತಂದು ಕೈಯಲ್ಲೇ ಮೂರು ಸಲ ಪರೀಕ್ಷಿಸಿದರು. ಮೂರು ಸಲವೂ ಮಿತಿಯೊಳಗೇ ಬಂತು. ಅಂಥ ಅನುಮಾನದ ಉಳಿದ ಮಾದರಿಗಳನ್ನೂ ಬಿಡಲಿಲ್ಲ. ಬೀಗ ತೆಗೆಯುವ ದಿನ ತಾವೇ ಆ ಬೀದಿಗೆ ಹೋಗಿ ತಪ್ಪೊಪ್ಪಿಕೊಂಡರು. ಬಕೆಟ್ ಹಿಡಿದು ನಿಂತಿದ್ದ ಅಜ್ಜಿಯೊಬ್ಬರು, "ನಾಲ್ಕು ತಿಂಗಳು ಪಕ್ಕದ ಬೀದಿಯಿಂದ ಹೊತ್ತಿದೀನಿ. ಈ ಸೊಂಟ ನೋವು ಯಾರಿಗೆ ಕೊಡ್ಲಿ, ನಿಂಗೆ ಕೊಡ್ಲಾ?" ಎಂದರು. ಸೂಜಿಯಕ್ಕ ಆ ಬಕೆಟ್ಟನ್ನು ತುಂಬಿಸಿ ಅಜ್ಜಿಯ ಬಾಗಿಲವರೆಗೂ ಹೊತ್ತು ಬಂದರು.

ಅಂದೇ ಹನ್ನೊಂದು ಪ್ರಯೋಗಾಲಯಗಳಿಗೂ ಫೋನ್ ಹೋಯಿತು. ಹನ್ನೆರಡನೆಯದು ಡೇರಿಯ ಹುಡುಗಿಗೆ. ತಮ್ಮ ನಕ್ಷೆಯ ಮೇಲೆ 'ಇದರಲ್ಲಿ ದೋಷವಿದೆ, ಅವಳದನ್ನು ಬಳಸಿ' ಎಂದು ಬರೆದರು. ಈಗ ಇಲ್ಲಿ ಓಡುತ್ತಿರುವುದೂ ಅವಳ ನಕ್ಷೆಯದೇ.

ಹಾಗಾದರೆ ಹೊಟ್ಟೆಕಿಚ್ಚು ಆರಿತೇ?

"ಎಲ್ಲಿ ಆರತ್ತೆ," ಎಂದು ಸೂಜಿಯಕ್ಕ ಮುಂದಿನ ಸಾಲಿನ ಕೊಳವೆಗಳನ್ನು ಜೋಡಿಸುತ್ತಾರೆ. "ಎರಡು ಸಲ ತೊಳೆಯೋಕೆ ಅವಳ ಸೂಜಿ ಹನ್ನೆರಡು ಸೆಕೆಂಡ್ ಜಾಸ್ತಿ ತಗೊಳ್ಳತ್ತೆ. ಅದನ್ನ ನಾಲ್ಕಕ್ಕೆ ಇಳಿಸ್ಬೇಕು. ಇಳಿಸಿದ ದಿನ ಮೊದಲು ಅವಳಿಗೇ ಕಳಿಸ್ತೀನಿ. ಅವಳಿಗೂ ಸ್ವಲ್ಪ ಉರೀಲಿ."