ಔನ್ಸ್ ಗ್ಲಾಸು

ಬಾಳೂರಿನ ನಮ್ಮ ಕಾಫಿ ತೋಟಕ್ಕೆ ಸ್ಪ್ರೇ ಔಷಧಿ ಬೆರೆಸುತ್ತಿದ್ದ ಕೆಲಸದವರೊಬ್ಬರು ಅಳೆಯುತ್ತಿದ್ದುದು ಹಳೆಯ ಔನ್ಸ್ ಗ್ಲಾಸಿನಲ್ಲಿ. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದರು. ನಾನು ಜಗಲಿಯಲ್ಲಿ ಪಿಯುಸಿ ಕೆಮಿಸ್ಟ್ರಿ ಬಾಯಿಪಾಠ ಮಾಡುವಾಗ ನಿಂತು ಕೇಳಿ, "ಓದಿದೋರು ಹೇಳಿದ್ ಮೇಲೆ ಮುಗೀತು" ಎನ್ನುತ್ತಿದ್ದರು.

ಒಂದು ದಿನ ಹೊಸ ಔಷಧಿ ಬಂತು; ಅದರ ಚೀಟಿಯಲ್ಲಿ ಅಳತೆ ಎಂ.ಎಲ್.ನಲ್ಲಿತ್ತು. "ಒಂದ್ ಔನ್ಸಿಗೆ ಎಷ್ಟು ಎಂ.ಎಲ್. ಅಮ್ಮಾ?" ಎಂದರು. ತಲೆ ಎತ್ತದೆ "ಹದಿನೆಂಟು" ಎಂದೆ. ಅದು ನೀರಿನ ಅಣುತೂಕ; ಔನ್ಸಿಗೆ ಇಪ್ಪತ್ತೆಂಟು. ನನ್ನ ಲೆಕ್ಕಕ್ಕೆ ಹೆಚ್ಚು ಔನ್ಸ್ ಬಿದ್ದು, ಔಷಧಿ ವಿಪರೀತವಾಗಿ ಎಳೆ ಚಿಗುರೆಲ್ಲ ಸುಟ್ಟುಹೋಯಿತು.

ಅವರನ್ನು ಅಪ್ಪ ಬೈಯುತ್ತಿದ್ದಾಗ, "ತಪ್ಪು ಹೇಳಿದ್ದು ನಾನು" ಎಂದೆ.

"ಸುಮ್ನಿರಿ ಅಮ್ಮಾ, ನೀವು ಸರಿಯಾಗೇ ಹೇಳಿರ್ತೀರಿ. ನನ್ ಕಿವೀನೇ ಸರಿ ಇಲ್ಲ" ಎಂದರು.

ನನ್ನನ್ನು ಉಳಿಸಲು ಹಾಗೆಂದರೆಂದುಕೊಂಡೆ. ಮಾರನೆಯ ಬೆಳಿಗ್ಗೆ ಅವರು ಕಿವಿ ತೋರಿಸಲು ಮೂಡಿಗೆರೆ ಬಸ್ಸು ಹತ್ತಿದರು.