ಉಜ್ಜನಪ್ಪನವರ ಕಂಪ್ಯೂಟರಿಗೆ ಗೇಟ್ ಪಾಸು

ಭದ್ರಾವತಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಸೆಕ್ಯುರಿಟಿ ಹವಾಲ್ದಾರರಾಗಿ ಆಯುಷ್ಯದ ಅರ್ಧ ಪಾಲು ನಿಂತೇ ಕಳೆದ ಉಜ್ಜನಪ್ಪನವರು, ನಿವೃತ್ತರಾದ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಹಿಡಿದು ಮನೆಗೆ ಬಂದರು. ಅವುಗಳ ಜೊತೆಗೆ ಆ ಗೇಟನ್ನೂ ಕಿತ್ತು ತಂದರು ಅಂತ ಅವರ ಹೆಂಡತಿ ಕಾಶಮ್ಮ ಹೇಳುತ್ತಿದ್ದರು. ಅದರಲ್ಲಿ ಉತ್ಪ್ರೇಕ್ಷೆ ಕಡಿಮೆ. ಹಾಲಿನವನು ಪಾತ್ರೆ ಎತ್ತಿದರೂ, ಪೇಪರಿನವನು ಸೈಕಲ್ ತಿರುಗಿಸಿದರೂ, ಜಗುಲಿಯ ಮೇಲಿಂದ ಉಜ್ಜನಪ್ಪನವರ ಕಣ್ಣು ಅವರ ಜೇಬನ್ನು ಒಂದು ಸಲ ಮುಟ್ಟಿ ಬರುತ್ತಿತ್ತು.

ಕಳ್ಳನನ್ನು ಹಿಡಿಯುವುದರಲ್ಲಿ ಅವರಿಗೆ ಒಂದು ಶಾಸ್ತ್ರವೇ ಇತ್ತು. ಊಟದ ಡಬ್ಬಿ ನೋಡಬಾರದು, ಮುಖ ನೋಡಬೇಕು. "ಒಳಗೆ ಹಿತ್ತಾಳೆ ತುಂಡು ಇಟ್ಕೊಂಡೋನು ದೂರದಿಂದಲೇ ನಮಸ್ಕಾರ ಹೊಡೀತಾನೆ. ಏನೂ ಇಲ್ದೋನು ನನ್ನ ಬೈಕೊಂಡು ಹೋಗ್ತಾನೆ." ಈ ಮಾತನ್ನು ಕಾಶಮ್ಮ ಎಷ್ಟು ಸಲ ಕೇಳಿದ್ದರೆಂದರೆ, ಅನ್ನಕ್ಕೆ ಸಾರು ಬಡಿಸುವಾಗ ಮುಂದಿನ ವಾಕ್ಯವನ್ನು ಅವರೇ ಮುಗಿಸಿಬಿಡುತ್ತಿದ್ದರು.

ಇಂಥ ಮನೆಗೆ ಎರಡು ಸಾವಿರದ ಎರಡರಲ್ಲಿ ಒಂದು ಕಂಪ್ಯೂಟರ್ ಬಂತು. ಬಿ.ಕಾಂ. ಓದುತ್ತಿದ್ದ ಮಗಳು ಪ್ರಿಯದರ್ಶಿನಿ ಹಟ ಹಿಡಿದಿದ್ದಳು. ಶಿವಮೊಗ್ಗದ ಗಾಂಧಿ ಬಜಾರಿನ ಪಕ್ಕದ ಓಣಿಯಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿ ಮೇಲೆ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ವಿಷ್ಣುಪ್ರಸಾದ ತಾನೇ ಬಂದು ಜೋಡಿಸಿಕೊಟ್ಟ. ಈತನೂ ಕಡಿಮೆ ಆಸಾಮಿಯಲ್ಲ. ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು, ಸ್ಕ್ರೂಡ್ರೈವರಿಗೆ ಕೈ ಚಾಚುವಾಗ ನರ್ಸ್ ಎಲ್ಲಿ ಎಂದು ಹುಡುಕುವ ಸರ್ಜನ್ನನ ಹಾಗೆ ಕಾಣುತ್ತಿದ್ದ. ಹೊರಡುವ ಮುಂಚೆ ಕಾಫಿ ಕುಡಿಯುತ್ತ ಉಪದೇಶ ಮಾಡಿದ.

"ಸಾರ್, ಕರೆಂಟ್ ಹೋದ ತಕ್ಷಣ ಯುಪಿಎಸ್ ಕೂಗುತ್ತೆ, ಆಗ ಮುಚ್ಚಿಬಿಡಿ. ಗೊತ್ತಿಲ್ದೋರು ಕಳಿಸಿದ್ದನ್ನ ತೆಗೀಬೇಡಿ. ಎಲ್ಲಕ್ಕಿಂತ ಮುಖ್ಯ, ಬೇಕಾದ್ದು ಏನೇ ಇದ್ರೂ ಒಂದು ಕಾಪಿ ಮನೆಯಿಂದ ಹೊರಗೆ ಇರ್ಲಿ."

ಮೊದಲ ಎರಡು ಮಾತಿಗೆ ತಲೆಯಾಡಿಸಿದ್ದ ಉಜ್ಜನಪ್ಪನವರು ಮೂರನೆಯದಕ್ಕೆ ಹುಬ್ಬು ಗಂಟಿಕ್ಕಿದರು. ಮನೆಯಿಂದ ಹೊರಗೆ? ಮಾರಿದವನೇ ನಿಂತು ಮಾಲು ಹೊರಗೆ ಹೋಗಲಿ ಅನ್ನುತ್ತಾನಲ್ಲ! ಅವನು ಮೆಟ್ಟಿಲಿಳಿಯುತ್ತ ಎರಡು ಕೈ ಜೋಡಿಸಿ ನಮಸ್ಕಾರ ಮಾಡಿದ್ದು ಬೇರೆ. ಅವತ್ತೇ ಅವನ ಹೆಸರು ಉಜ್ಜನಪ್ಪನವರ ಮನಸ್ಸಿನ ಅನುಮಾನದ ಪಟ್ಟಿ ಸೇರಿತು.

ಕಂಪ್ಯೂಟರಿಗೆ ಕಾವಲು ಶುರುವಾಯಿತು. ಸೈಕಲ್ಲಿನ ಸರಪಣಿಯಿಂದ ಅದನ್ನು ಕಿಟಕಿಯ ಕಂಬಿಗೆ ಬಿಗಿದದ್ದಾಯಿತು. ಇಂಟರ್‌ನೆಟ್ ನೋಡಿ ಮುಗಿದ ಕೂಡಲೇ ಫೋನಿನ ವಯರು ಕೀಳಬೇಕು, ಇಲ್ಲದಿದ್ದರೆ ರಾತ್ರಿಯೆಲ್ಲ ಅದು ಯಾರ ಜೊತೆ ಮಾತಾಡುತ್ತದೋ ಯಾರಿಗೆ ಗೊತ್ತು. ಪ್ರಿಯದರ್ಶಿನಿಯ ಗೆಳತಿಯರು ಕಂಪ್ಯೂಟರಿನಲ್ಲಿದ್ದದ್ದನ್ನು ತುಂಬಿಸಿ ಒಯ್ಯುವ ಫ್ಲಾಪಿ ತಂದರೆ ಜಗುಲಿಯ ಮೇಲೇ ಇಟ್ಟು ಒಳಗೆ ಬರಬೇಕು. ಹೋಗುವಾಗ ಚೀಲ ಬಿಚ್ಚಿ ತೋರಿಸಬೇಕು. ಆ ಹುಡುಗಿಯರು ಆಮೇಲೆ ಬರುವುದನ್ನೇ ಬಿಟ್ಟರು. ಅದನ್ನು ಉಜ್ಜನಪ್ಪನವರು ತಮ್ಮ ಶಾಸ್ತ್ರದ ಗೆಲುವು ಅಂದುಕೊಂಡರು.

ಮನೆಯಲ್ಲಿ ಅವರಿಗೆ ಹೆದರದಿದ್ದವರು ಒಬ್ಬರೇ, ಕಾಶಮ್ಮನ ತಾಯಿ. ಎಲೆ ಅಡಿಕೆ ಜಗಿಯುತ್ತ ಮೂಲೆಯಲ್ಲಿ ಕೂತಿರುತ್ತಿದ್ದ ಆ ಅಜ್ಜಿ, "ಏನ್ ಅಳಿಯಂದಿರೆ, ನನ್ನ ಸಂಚೀನೂ ನೋಡ್ತೀರೇನು? ಅಡಿಕೆ ಮೂರು ಹೋಳಿದೆ, ಎಣಿಸ್ಕೊಳ್ಳಿ" ಅಂತ ಚುಚ್ಚುತ್ತಿದ್ದರು. ಅಜ್ಜಿಗೆ ಬೀಸುವ ಕಲ್ಲಿನ ಪದಗಳು ಬರುತ್ತಿದ್ದವು. ಒಂದು ಮಧ್ಯಾಹ್ನ ಮೊಮ್ಮಗಳು ಮೈಕು ಹಿಡಿದು ಕಂಪ್ಯೂಟರಿನಲ್ಲಿ ಒಂದು ಪದ ತುಂಬಿಸಿದಳು. ಕಂಪ್ಯೂಟರಿನ ರೆಕಾರ್ಡಿಂಗ್ ಒಂದು ನಿಮಿಷಕ್ಕೆ ತಾನಾಗಿಯೇ ನಿಂತುಹೋಯಿತು. "ಇಷ್ಟು ಬೇಗ ಸುಸ್ತಾಗೋದನ್ನ ಯಾಕೆ ತಂದ್ರಿ?" ಅಂದರು ಅಜ್ಜಿ.

ಆಷಾಢದಲ್ಲಿ ಅಜ್ಜಿ ತೀರಿಕೊಂಡರು. ಆಮೇಲೆ ಆ ಒಂದು ನಿಮಿಷ ಮನೆಯ ಆಸ್ತಿಯಾಯಿತು. ಕಾಶಮ್ಮ ಕೆಲಸವೆಲ್ಲ ಮುಗಿಸಿ ಬಂದು ಕೂತು, "ಹಾಕೇ ಒಂದ್ಸಲ" ಅನ್ನುತ್ತಿದ್ದರು. ಉಜ್ಜನಪ್ಪನವರು ಪೇಪರಿನ ಹಿಂದೆ ಮುಖ ಮರೆಸಿಕೊಂಡು ಕೇಳುತ್ತಿದ್ದರು. ಅವರನ್ನು ಚುಚ್ಚುವವರೇ ಇಲ್ಲವಾಗಿ ಮನೆ ಬಣಬಣ ಅನ್ನುತ್ತಿತ್ತು. ಇದನ್ನು ಬಾಯಿಬಿಟ್ಟು ಹೇಳುವ ಜಾತಿಯವರಲ್ಲ ಅವರು.

"ಅಪ್ಪಾಜಿ, ರಾಗಿಗುಡ್ಡದ ಚಿಕ್ಕಮ್ಮನೂ ಕೇಳ್ಬೇಕು ಅಂತಾಳೆ. ಒಂದು ಫ್ಲಾಪಿಗೆ ಕಾಪಿ ಮಾಡ್ಕೊಡ್ಲಾ?" ಅಂದಳು ಮಗಳು.

"ಕೇಳ್ಬೇಕಂದ್ರೆ ಇಲ್ಲಿಗೇ ಬರ್ಲಿ. ಗೇಟ್ ಪಾಸ್ ಇಲ್ದೆ ಒಂದು ನಟ್ಟೂ ಹೊರಗೆ ಹೋಗಲ್ಲ. ಒಂದಿದ್ದದ್ದು ಎರಡಾದ್ರೆ ಅಸಲು ಯಾವುದು ಅಂತ ಹೇಳ್ತೀಯಾ ನೀನು?"

ಹೀಗಿರುವಾಗ ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಅವತ್ತು ಯಂತ್ರಗಳ ಮುಚ್ಚಳ ಬಿಚ್ಚಿ, ಒರೆಸಿ, ಒಳಗಿನ ಶಾಫ್ಟಿಗೇ ವಿಭೂತಿ ಎಳೆಯುತ್ತಿದ್ದದ್ದನ್ನು ಉಜ್ಜನಪ್ಪನವರು ವರ್ಷಾ ವರ್ಷ ನೋಡಿದವರು. ಬೀದಿಯ ಉಳಿದವರೆಲ್ಲ ಟಿವಿಯ ತಲೆಯ ಮೇಲೆ ಹೂವಿಟ್ಟು ಕೈಮುಗಿದರೆ ಇವರಿಗೆ ನಗು. "ಡಬ್ಬಕ್ಕೆ ಪೂಜೆ ಮಾಡಿದ್ರೆ ಮೋಟರಿಗೆ ಸೇರುತ್ತೇನ್ರೀ?"

ಪ್ರಿಯದರ್ಶಿನಿ ದೇವಸ್ಥಾನಕ್ಕೆ ಹೋಗಿದ್ದ ಹೊತ್ತಿನಲ್ಲಿ ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದರು. ವಿಭೂತಿಯನ್ನು ನೀರಿನಲ್ಲಿ ಕಲಸಿ, ಒಳಗಿದ್ದ ಒಂದೊಂದಕ್ಕೂ ಮೂರು ಬೆರಳಿನಲ್ಲಿ ಎಳೆದರು. ಫ್ಯಾನಿಗೆ ಕುಂಕುಮ, ವಯರುಗಳ ಗೊಂಚಲಿಗೆ ಚೆಂಡು ಹೂವು. ಕೊನೆಗೆ ಮಾವಿನೆಲೆಯಿಂದ ಧಾರಾಳವಾಗಿ ತೀರ್ಥ ಚಿಮುಕಿಸಿ, ತಗಡು ಮುಚ್ಚಿದರು. ಅವತ್ತು ಆಯುಧ ಮುಟ್ಟುವಂತಿಲ್ಲ.

ಮಾರನೆಯ ದಿನ ಸ್ವಿಚ್ ಹಾಕಿದಾಗ ಹಿಂದಿನ ಕಿಂಡಿಯಿಂದ ಬಿಳಿಯ ಮೋಡವೊಂದು ಎದ್ದಿತು. ಒಳಗೆ 'ಚಟ್' ಎಂದಿತು. ಸುಟ್ಟ ವಾಸನೆ ಬಂತು. ಪರದೆ ಕಪ್ಪಾಯಿತು.

"ಅಜ್ಜಿ ಹಾಡು!" ಅಂದ ಪ್ರಿಯದರ್ಶಿನಿ ತಾಯಿಯ ಕಡೆ ನೋಡಿದಳು.

ಉಜ್ಜನಪ್ಪನವರು ಓಡಿಬಂದು ಸ್ವಿಚ್ ಆರಿಸಿದರು. ಮೂವತ್ತು ವರ್ಷದ ಅಭ್ಯಾಸ ಅಷ್ಟು ಸುಲಭಕ್ಕೆ ಬಿಡುವುದಿಲ್ಲ. ಮೊದಲ ಅನುಮಾನ ವೈರಸ್ಸಿನ ಮೇಲೆ. ಎರಡನೆಯದು ವಿಷ್ಣುಪ್ರಸಾದನ ಮೇಲೆ: ಗ್ಯಾರಂಟಿ ಮುಗಿದ ಕೂಡಲೇ ಕೆಡುವಂಥದ್ದನ್ನೇ ಹಾಕಿದ್ದಾನೆ, ರಿಪೇರಿಗೆ ಹೋದರೆ ಒಳ್ಳೆಯ ಭಾಗ ಕಿತ್ತುಕೊಂಡು ಹಳೆಯದನ್ನು ತುರುಕುತ್ತಾನೆ. ಅದಕ್ಕೇ ಮಗಳ ಉಗುರಿನ ಬಣ್ಣ ತೆಗೆದುಕೊಂಡು ಒಳಗಿನ ಪ್ರತಿಯೊಂದು ಭಾಗಕ್ಕೂ ಒಂದೊಂದು ಕೆಂಪು ಚುಕ್ಕೆ ಇಟ್ಟರು. ತಮ್ಮ ಮೇಲೆ ಮಾತ್ರ ಅನುಮಾನ ಬರಲಿಲ್ಲ.

ಶಿವಮೊಗ್ಗದ ಬಸ್ಸಿನಲ್ಲಿ ಕಾಶಮ್ಮನೂ ಹೊರಟರು. ಕಂಪ್ಯೂಟರಿನ ಡಬ್ಬವನ್ನು ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡ ಉಜ್ಜನಪ್ಪನವರನ್ನು ಕಂಡು ಕಂಡಕ್ಟರ್, "ಯಜಮಾನ್ರೆ, ಇದಕ್ಕೆ ಹಾಫ್ ಟಿಕೆಟ್ ಹರೀಲಾ?" ಅಂದ.

"ನಿನ್ನ ಕೆಲಸ ನೋಡ್ಕೋ ಹೋಗೋ ಮಾರಾಯ" ಎಂದು ಗುರ್ರೆಂದರು.

ಸ್ವಲ್ಪ ದೂರ ಹೋದ ಮೇಲೆ ಅವರಿಗೆ ಹೊಸ ಅನುಮಾನವೊಂದು ಹುಟ್ಟಿತು. ಕಾಶಮ್ಮ ಅಳುತ್ತಿಲ್ಲ! ತಾಯಿಯ ದನಿಯೇ ಹೋಗಿದೆ, ಈಕೆ ಕಿಟಕಿಯ ಪಕ್ಕ ಕೂತು ನೆಮ್ಮದಿಯಾಗಿ ಕಡಲೇಕಾಯಿ ಬಿಡಿಸುತ್ತಿದ್ದಾಳೆ. ಮುಖ ನೋಡಿದರು. ಅಲ್ಲಿ ಏನೂ ಇಲ್ಲ. ಏನೂ ಇಲ್ಲದಿರುವುದೇ ಅವರನ್ನು ದಾರಿಯುದ್ದಕ್ಕೂ ಕಾಡಿತು.

ವಿಷ್ಣುಪ್ರಸಾದ ಕನ್ನಡಕ ಹಣೆಗೇರಿಸಿ ತಗಡು ಬಿಚ್ಚಿದ. ಬಾಡಿದ ಚೆಂಡು ಹೂವೊಂದು ಮೇಜಿನ ಮೇಲೆ ಉರುಳಿತು. ಬಹಳ ಹೊತ್ತು ಒಳಗೇ ನೋಡಿದ.

"ಸಾರ್, ಇದು ಕಂಪ್ಯೂಟರೋ, ಮಠಾನೋ?"

"ನೀನು ಮಾತು ಬದಲಾಯಿಸ್ಬೇಡ. ಹಾಡು ತೆಗೆದುಕೊಡು."

ವಿಷ್ಣುಪ್ರಸಾದ ಹಾರ್ಡ್ ಡಿಸ್ಕನ್ನು, ಅಂದರೆ ಬರೆದದ್ದು ಹಾಡಿದ್ದೆಲ್ಲ ಕೂಡಿಟ್ಟುಕೊಳ್ಳುವ ಪೆಟ್ಟಿಗೆಯನ್ನು, ಬೇರೆ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದ. ವಯರು ಬದಲಿಸಿ ಮತ್ತೆ ನೋಡಿದ. ತಲೆಯಾಡಿಸಿದ.

"ನೀರು ಬಿದ್ದಿದ್ದರ ಮೇಲೆ ಕರೆಂಟ್ ಕೊಟ್ಟಿದ್ದೀರಿ. ಸುಟ್ಟೋಗಿದೆ ಸಾರ್. ನನ್ನ ಕೈಲಿ ಆಗಲ್ಲ."

ಉಜ್ಜನಪ್ಪನವರು ಡಿಸ್ಕನ್ನು ಕಿತ್ತುಕೊಂಡು ತಿರುಗಿಸಿ ನೋಡಿದರು. ಬೇರೆಯದಾಗಿರಲಿ ಅಂತ ಮನಸ್ಸು ಹಾರೈಸುತ್ತಿತ್ತು. ಕೆಂಪು ಚುಕ್ಕೆ ಇತ್ತು. ಅದರ ಪಕ್ಕದಲ್ಲೇ ಅವರದೇ ಮೂರು ಬೆರಳಿನ ವಿಭೂತಿ. ಕಳ್ಳ ಯಾರು ಅಂತ ಅದಕ್ಕಿಂತ ಸ್ಪಷ್ಟವಾಗಿ ಯಾವ ಗೇಟಿನಲ್ಲೂ ಗೊತ್ತಾಗಿರಲಿಲ್ಲ. ಅವರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಕಾಶಿ, ನಿಮ್ಮವ್ವನ್ನ ನಾನೇ..." ಅಂದರು.

ಕಾಶಮ್ಮ ಗಂಡನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ವಿಷ್ಣುಪ್ರಸಾದನ ಕಡೆ ತಿರುಗಿ, "ಸಾಕು ಪಾಪ, ಕೊಟ್ಬಿಡಿ" ಅಂದರು.

ಅವನು ಮೇಜಿನ ಡ್ರಾಯರ್ ಎಳೆದು ನೀಲಿ ಫ್ಲಾಪಿಯೊಂದನ್ನು ತೆಗೆದು ಕಂಪ್ಯೂಟರಿಗೆ ತೂರಿಸಿದ. ಅದು ಗರಗರ ಅಂದಿತು, ನಿಂತಿತು, ಮತ್ತೆ ಗರಗರ ಅಂದಿತು. ಆಮೇಲೆ ಸ್ಪೀಕರಿನಿಂದ ಒಂದು ಕೆಮ್ಮು. "ಶುರುವಾಯ್ತೇನೇ?" ಎಂಬ ಅಜ್ಜಿಯ ದನಿ. ಪದ. ಪದದ ನಡುವೆ ದೂರದಿಂದ ಒಂದು ಅಬ್ಬರ: "ಯಾರದು ಬಾಗ್ಲು ತೆಗೆದಿಟ್ಟೋರು?" ಅಜ್ಜಿ ಹಾಡು ನಿಲ್ಲಿಸಿ, "ಇರ್ಲಿ ಬಿಡಿ ಅಳಿಯಂದಿರೆ, ಕಳ್ಳ ಬಂದ್ರೂ ನಿಮ್ಮ ದನಿ ಕೇಳಿ..." ಅನ್ನುವಷ್ಟರಲ್ಲಿ ನಿಮಿಷ ಮುಗಿಯಿತು.

ಉಜ್ಜನಪ್ಪನವರು ಟವೆಲಿನಿಂದ ಮುಖ ಒರೆಸಿಕೊಂಡರು. ಒರೆಸಿಕೊಂಡು ಮುಗಿಯುವಷ್ಟರಲ್ಲಿ ಹವಾಲ್ದಾರ ವಾಪಸು ಬಂದಿದ್ದ.

"ಇದು ಇಲ್ಲಿಗೆ ಹೇಗೆ ಬಂತು?"

"ನೀವು ಸ್ನಾನಕ್ಕೆ ಹೋದಾಗ ಮಗಳು ಮಾಡ್ಕೊಟ್ಳು. ನೆಂಟರ ಮದುವೆಗೆ ಸೀರೆ ತರಕ್ಕೆ ಗಾಂಧಿ ಬಜಾರಿಗೆ ಬಂದಿದ್ನಲ್ಲ, ಅವತ್ತು ತಂದು, ನಿಮಗೆ ಹೇಳ್ಬಾರ್ದು ಅಂತ ಹೇಳಿ ಇವರ ಹತ್ರ ಇಟ್ಟೆ. ಮನೆಯಿಂದ ಹೊರಗೆ ಒಂದಿರ್ಲಿ ಅಂದಿದ್ದೋರು ಇವರೇ ತಾನೆ?"

"ನಾನು ಜಗುಲಿ ಮೇಲೇ ಇದ್ದೆ!"

"ಇದ್ರಿ. ಹುಳ ಬಿದ್ದ ಬದನೇಕಾಯಿ ತಂದಿದ್ದೀರಿ, ಕಣ್ಣಿಲ್ವಾ ನಿಮಗೆ ಅಂತ ಬೈಕೊಂಡೇ ನಿಮ್ಮ ಮುಂದೆ ಹೋದೆ. ಬೈಕೊಂಡು ಹೋಗೋರನ್ನ ನೀವು ಯಾವತ್ತು ಹಿಡಿದಿದ್ದೀರಿ?"

ವಿಷ್ಣುಪ್ರಸಾದ ಸ್ಕ್ರೂಡ್ರೈವರನ್ನು ಬಹಳ ಗಮನವಿಟ್ಟು ಒರೆಸತೊಡಗಿದ. ಉಜ್ಜನಪ್ಪನವರಿಗೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಇನ್ನೂ ಎರಡು ಮಾಡ್ಕೊಡಪ್ಪ. ಇದು ನಿನ್ನ ಹತ್ರಾನೇ ಇರ್ಲಿ" ಅಂದರು. ಹೊಸ ಡಿಸ್ಕ್ ಹಾಕಿಸಲು ಕಂಪ್ಯೂಟರನ್ನು ಅಂಗಡಿಯಲ್ಲೇ ಬಿಟ್ಟರು. ಕೆಂಪು ಚುಕ್ಕೆಗಳ ಮಾತು ಎತ್ತಲಿಲ್ಲ.

ಒಂದು ಫ್ಲಾಪಿಯನ್ನು ಶಿವಮೊಗ್ಗದಲ್ಲೇ ಇದ್ದ ರಾಗಿಗುಡ್ಡಕ್ಕೆ ಹೋಗಿ ನಾದಿನಿಯ ಕೈಗೆ ತಾವೇ ಕೊಟ್ಟರು. ಇನ್ನೊಂದನ್ನು ಅಂಗಿಯ ಒಳಜೇಬಿಗೆ ಇಳಿಸಿ, ಗುಂಡಿ ಹಾಕಿ, ಅದರ ಮೇಲೆ ಟವೆಲು ಹೊದ್ದು ಭದ್ರಾವತಿಯ ಬಸ್ಸು ಹತ್ತಿದರು. ಬೆಳಗಿನ ಕಂಡಕ್ಟರೇ ಇದ್ದ. ಅವನು ಇನ್ನೂ ಎರಡು ಸೀಟು ಆಚೆಗಿದ್ದಾಗಲೇ ಉಜ್ಜನಪ್ಪನವರು ಎದೆಯ ಮೇಲೆ ಒಂದು ಕೈಯಿಟ್ಟುಕೊಂಡು, ಇನ್ನೊಂದು ಕೈಯನ್ನು ಹಣೆಗೆತ್ತಿ, "ನಮಸ್ಕಾರ ಸ್ವಾಮಿ" ಅಂದರು.

ಕಂಡಕ್ಟರ್ ತಬ್ಬಿಬ್ಬಾದ. ಕಾಶಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದರು.