ಹಳದಿ ಟೋಪಿಯವರ ಲಾಂಡ್ರಿ ಅಕ್ಕ

ಲಾಂಡ್ರಿ ಅಕ್ಕ ಬೇಸ್‌ಬಾಲ್ ಕೋಚ್ ಆದದ್ದು ಬರೀ ಅರ್ಧ ಗಂಟೆಯ ಮಟ್ಟಿಗೆ. ಆ ಅರ್ಧ ಗಂಟೆ ಇನ್ನೂ ಮುಗಿದಿಲ್ಲ, ಈಗ ಏಳನೇ ವರ್ಷ ನಡೆಯುತ್ತಿದೆ. ಒಗೆದ ಆಟದ ಬಟ್ಟೆಗಳ ಮೂಟೆಯನ್ನು ಕ್ಲಬ್ಬಿಗೆ ತಲುಪಿಸಲು ಹೋದವಳನ್ನು ಅಲ್ಲಿನ ಮುಖ್ಯಸ್ಥರಾದ ಸೀಟಿ ಮೇಷ್ಟ್ರು ತಡೆದು ನಿಲ್ಲಿಸಿದರು. ಹಳದಿ ಟೋಪಿ ತಂಡದ ಕೋಚ್ ಹೇಳದೆ ಕೇಳದೆ ಕಂಬಿ ಕಿತ್ತಿದ್ದಾನೆ, ಇನ್ನೊಬ್ಬ ಬರುವ ತನಕ ಈ ಮಕ್ಕಳು ರಸ್ತೆಗೆ ಓಡದಂತೆ ನೋಡಿಕೊಳ್ಳಮ್ಮ ಎಂದರು. ಇನ್ನೊಬ್ಬ ಬರಲಿಲ್ಲ. ಬರುವುದಿಲ್ಲ ಎಂಬುದು ಮೇಷ್ಟ್ರಿಗೆ ಆಗಲೇ ಗೊತ್ತಿತ್ತು, ಅಕ್ಕನಿಗೆ ಎರಡನೇ ವಾರ ಗೊತ್ತಾಯಿತು.

ಮಕ್ಕಳನ್ನು ವಿಂಗಡಿಸುವ ಕ್ರಮವನ್ನು ಮೇಷ್ಟ್ರು ದೊಡ್ಡ ಹಲಗೆಯ ಮೇಲೆ ಬರೆಸಿ ಕ್ಲಬ್ಬಿನ ಬಾಗಿಲಲ್ಲೇ ತೂಗುಹಾಕಿದ್ದರು. ಐದಾರು ವರ್ಷದವರಿಗೆ ಚೆಂಡನ್ನು ಯಾರೂ ಎಸೆಯುವುದಿಲ್ಲ. ಅದು ರಬ್ಬರ್ ಕಂಬದ ತುದಿಯಲ್ಲಿ ಸುಮ್ಮನೆ ಕೂತಿರುತ್ತದೆ, ಹೊಡೆದರಾಯಿತು. ಏಟು ಬೀಳುವುದು ಹೆಚ್ಚಾಗಿ ಕಂಬಕ್ಕೇ, ಅದು ಬೇರೆ ಮಾತು. ಏಳೆಂಟು ವರ್ಷದವರಿಗೆ ಕೋಚೇ ಮೆಲ್ಲಗೆ ಎಸೆಯುತ್ತಾರೆ. ಒಂಬತ್ತು, ಹತ್ತಕ್ಕೆ ಬಂದರೆ ಮಕ್ಕಳಿಗೆ ಮಕ್ಕಳೇ ಎಸೆಯಬೇಕು. ನಿಜವಾದ ಆಟವೂ ನಿಜವಾದ ಅಳುವೂ ಶುರುವಾಗುವುದು ಅಲ್ಲಿಂದ. ಈ ಗುಂಪಿಗೆ ವಯಸ್ಸೊಂದೇ ಸಾಲದು, ಪರೀಕ್ಷೆಯೂ ಉಂಟು. ಓಟ, ಎಸೆತ, ಹಿಡಿತ, ಹೊಡೆತ, ಒಂದೊಂದಕ್ಕೆ ಐದು ಅಂಕ. ಚೆನ್ನಾಗಿ ಆಡುವವರಿಗೆ ಕೆಂಪು ಟೋಪಿ, ಪರವಾಗಿಲ್ಲ ಎನ್ನಿಸಿದವರಿಗೆ ನೀಲಿ, ಉಳಿದವರಿಗೆ ಹಳದಿ. ಹಲಗೆಯ ಮೇಲೆ 'ಉಳಿದವರು' ಎಂದು ಬರೆದಿರಲಿಲ್ಲ, 'ಕಲಿಯುತ್ತಿರುವವರು' ಎಂದು ಬರೆದಿತ್ತು. ಮಕ್ಕಳೇನು ದಡ್ಡರೇ, ಅರ್ಥ ಮಾಡಿಕೊಂಡಿದ್ದರು.

ಕಿತಾಪತಿ ಇದ್ದದ್ದು ಹಲಗೆಯ ಕೊನೆಯ ಸಾಲಿನಲ್ಲಿ. ಆಟದ ಋತುವಿನ ನಡುವೆ ಇನ್ನೊಂದು ಪರೀಕ್ಷೆ. ಅದರಲ್ಲಿ ಹದಿನಾಲ್ಕು ಅಂಕ ದಾಟಿದ ಹಳದಿಯವರು ನೀಲಿಗೆ ಏರುತ್ತಾರೆ, ನೀಲಿಯಲ್ಲಿ ಹಿಂದೆ ಬಿದ್ದ ಅಷ್ಟೇ ಮಂದಿ ಹಳದಿಗೆ ಇಳಿಯುತ್ತಾರೆ. ಅಂದರೆ ಅಕ್ಕ ಒಂದು ಮಗುವಿಗೆ ಬ್ಯಾಟ್ ಹಿಡಿಯಲು ಕಲಿಸಿದಳೋ, ಆ ಮಗು ಅವಳ ಕೈಬಿಟ್ಟಿತು ಎಂದೇ ಲೆಕ್ಕ. ಎದುರು ಆಡಲು ಬರುತ್ತಿದ್ದ ಬೇರೆ ಕ್ಲಬ್ಬಿನವರು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ. ಅವರ ಹಳದಿ ತಂಡಗಳಲ್ಲಿ ಕೆಲವರಿಗೆ ಮೀಸೆ ಚಿಗುರಿತ್ತು ಎಂದು ಅಕ್ಕ ಇವತ್ತಿಗೂ ವಾದಿಸುತ್ತಾಳೆ. ಹೀಗಾಗಿ ಏಳು ವರ್ಷದಲ್ಲಿ ಅವಳ ತಂಡ ಒಂದೇ ಒಂದು ಪಂದ್ಯವನ್ನೂ ಗೆದ್ದಿರಲಿಲ್ಲ.

ಗೆದ್ದ ತಂಡಕ್ಕೆ ಅಂಗೈಯಗಲದ ಒಂದು ಬಟ್ಟೆಯ ಬಾವುಟ ಕೊಡುತ್ತಿದ್ದರು. ಅದಕ್ಕೆಂದೇ ಅಕ್ಕ ಮೊದಲ ವರ್ಷ ಭಾರೀ ಉತ್ಸಾಹದಿಂದ ಅಂಗಡಿಯ ಗೋಡೆಗೆ, ಒಗೆಯುವ ಮೆಷಿನ್ನಿನ ಮೇಲೆ, ಗಿರಾಕಿಗಳ ಕಣ್ಣಿಗೆ ಬೀಳುವ ಜಾಗದಲ್ಲಿ ಒಂದು ಮೊಳೆ ಹೊಡೆದಿದ್ದಳು. ಗಿರಾಕಿಗಳು ಬಟ್ಟೆ ಕೊಡುವಾಗ ಮೊಳೆ ಯಾಕೆ ಎಂದು ಕೇಳುತ್ತಿದ್ದರು. ಇಸ್ತ್ರಿ ಹಾಕುತ್ತಿದ್ದ ಅವಳ ಗಂಡ ತಲೆ ಎತ್ತದೆ, ಮುಂದೆ ಬೇಕಾಗುತ್ತೆ ಎನ್ನುತ್ತಿದ್ದ. ಆ ಮೊಳೆಗೆ ತನ್ನ ಅಂಗಿ ತೂಗುಹಾಕಲು ಒಮ್ಮೆ ಹೋಗಿ ಹೆಂಡತಿಯಿಂದ ಚೆನ್ನಾಗಿ ಬೈಸಿಕೊಂಡಿದ್ದ.

ಸೋತರೇನಾಯಿತು, ಹಳದಿಯವರಷ್ಟು ನಗುವ ತಂಡ ಆ ಮೈದಾನದಲ್ಲೇ ಇರಲಿಲ್ಲ. ಕಾರಣ ಟವೆಲ್ ರಾಶಿ. ಶನಿವಾರ ಮಧ್ಯಾಹ್ನ ಹೋಟೆಲಿನ ಇನ್ನೂರು ಟವೆಲ್‌ಗಳು ಡ್ರೈಯರಿನಿಂದ ಬಿಸಿಬಿಸಿಯಾಗಿ ಹೊರಬಂದು ಹಿಂದಿನ ಕೋಣೆಯ ನೆಲದ ಮೇಲೆ ಗುಡ್ಡೆಯಾಗಿ ಬೀಳುತ್ತಿದ್ದವು. ಹತ್ತೊಂಬತ್ತು ಎರಡರಿಂದ ಸೋತು ಬಂದ ಒಂಬತ್ತು ಮಕ್ಕಳು ಬಟ್ಟೆ ಬದಲಾಯಿಸಿ, ಕೈಕಾಲು ತೊಳೆದು, ಓಡಿ ಬಂದು ಅದರೊಳಗೆ ಹಾರುತ್ತಿದ್ದರು. ಒಂದು ತಲೆ ಇಲ್ಲಿ, ಎರಡು ಕಾಲು ಅಲ್ಲಿ, ಕಿರುಚಾಟ, ಹೊಟ್ಟೆ ಹುಣ್ಣಾಗುವಷ್ಟು ನಗು. ಆಮೇಲೆ ಶಿಕ್ಷೆ ಎಂಬಂತೆ ಅಷ್ಟೂ ಟವೆಲ್‌ಗಳನ್ನು ಅವರೇ ಮಡಿಸಬೇಕು. ಮಡಿಸುವುದರಲ್ಲಿ ಮಾತ್ರ ಅವರೆಲ್ಲ ಕೆಂಪು ಟೋಪಿಗೆ ಲಾಯಕ್ಕಾಗಿದ್ದರು.

ಆಟದ ಬಗ್ಗೆ ಅಕ್ಕನಿಗೆ ಗೊತ್ತಿದ್ದದ್ದು ಪುಸ್ತಕದಿಂದಲ್ಲ, ಬಟ್ಟೆಯಿಂದ. ಮೊಣಕಾಲು ಹಸಿರಾಗಿದ್ದರೆ ಆ ಮಗು ಮೈದಾನದಲ್ಲಿ ಕೂತು ಹುಲ್ಲು ಕಿತ್ತಿದೆ. ಬೆನ್ನು ಹಸಿರಾಗಿದ್ದರೆ ಮಲಗಿಯೇಬಿಟ್ಟಿದೆ. ಎದೆಯ ಮೇಲೆ ಮಣ್ಣಿದ್ದರೆ ಚೆಂಡಿಗಾಗಿ ಮುಂದಕ್ಕೆ ಬಿದ್ದಿದೆ. ಎಡ ತೊಡೆಯ ಉದ್ದಕ್ಕೂ ಕೆಮ್ಮಣ್ಣಿನ ಗೀಟು ಇದ್ದರೆ, ಶಭಾಷ್, ಓಡಿ ಮುಟ್ಟಬೇಕಾದ ಬೇಸ್ ತನಕ ನೆಲದ ಮೇಲೆ ಜಾರಿಕೊಂಡು ಬಂದಿದೆ. ಹಳದಿಯವರ ಪ್ಯಾಂಟಿನಲ್ಲಿ ಆ ಗೀಟು ಕಾಣುವುದೇ ಅಪರೂಪ. ಕಂಡಿತೆಂದರೆ ಆ ಮಗು ಸದ್ಯದಲ್ಲೇ ನೀಲಿಗೆ ಹೊರಟಿತು ಎಂದು ಅಕ್ಕ ನಿಟ್ಟುಸಿರಿಟ್ಟು ಹೆಚ್ಚು ಸೋಪು ಹಾಕುತ್ತಿದ್ದಳು.

ಈ ವರ್ಷದ ಹಳದಿಯವರಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಒಬ್ಬ ಚಿಟ್ಟೆ. ಚೆಂಡು ಬಿಟ್ಟು ಚಿಟ್ಟೆಗಳ ಹಿಂದೆ ಓಡುತ್ತಿದ್ದುದರಿಂದ ಆ ಹೆಸರು. ಇನ್ನೊಬ್ಬಳು ದಪ್ಪ ಕನ್ನಡಕದ ಯಾಕಮ್ಮ. ಬ್ಯಾಟ್ ಹೀಗೆ ಹಿಡಿ ಎಂದರೆ ಯಾಕೆ, ಓಡು ಎಂದರೆ ಯಾಕೆ. ಉತ್ತರ ಸಿಗುವಷ್ಟರಲ್ಲಿ ಅವಳು ಔಟಾಗಿರುತ್ತಿದ್ದಳು.

ನಡು ಋತುವಿನ ಪರೀಕ್ಷೆ ಶನಿವಾರ ಮತ್ತು ಭಾನುವಾರ, ಎರಡು ದಿನ. ಶನಿವಾರ ಓಟ ಮತ್ತು ಎಸೆತ. ಹಳದಿಯವರು ಎಂದೂ ಇಲ್ಲದಷ್ಟು ಕೆಟ್ಟದಾಗಿ ಆಡಿದರು. ಚಿಟ್ಟೆ ತನ್ನ ಕಾಲಿಗೆ ತಾನೇ ಎಡವಿದ. ಒಬ್ಬಳು ಎಸೆದ ಚೆಂಡು ಹಿಂದಕ್ಕೆ ಹೋಗಿ ಸೀಟಿ ಮೇಷ್ಟ್ರ ಹೊಟ್ಟೆಗೆ ಬಡಿಯಿತು. ಮೇಷ್ಟ್ರು ಸೀಟಿ ಊದಿ ಊದಿ ಸುಸ್ತಾದರು. ಏಳು ವರ್ಷ ಕಲಿಸಿ ಇದೇ ಫಲವೇ ಎಂದು ಅಕ್ಕ ಮುಖ ಸಪ್ಪೆ ಮಾಡಿಕೊಂಡು ಬಟ್ಟೆಯ ಮೂಟೆ ಹೊತ್ತು ಅಂಗಡಿಗೆ ಬಂದಳು.

ಮೂಟೆ ಬಿಚ್ಚಿದಳು. ಮೊದಲ ಪ್ಯಾಂಟು ಚಿಟ್ಟೆಯದು. ಎಡ ತೊಡೆಯ ಮೇಲೆ ಕೆಮ್ಮಣ್ಣಿನ ಗೀಟು, ಒಂದಲ್ಲ, ಒಂದರ ಮೇಲೊಂದು ನಾಲ್ಕೈದು. ಎರಡನೆಯದರಲ್ಲೂ ಅದೇ. ಮೂರನೆಯದರಲ್ಲಿ ಹೊಲಿಗೆಯೇ ಬಿಟ್ಟಿತ್ತು. ಅಂಗಿಗಳ ಎದೆ ತುಂಬ ಮಣ್ಣು. ಅದು ಕ್ಲಬ್ಬಿನ ಮೈದಾನದ ಮಣ್ಣೂ ಅಲ್ಲ, ಶಾಲೆಯ ಹಿಂದಿನ ಖಾಲಿ ಜಾಗದ್ದು. ಒಂಬತ್ತರಲ್ಲಿ ಎಂಟು ಜೊತೆ ಬಟ್ಟೆಗಳು ಹೀಗಿದ್ದವು. ಯಾಕಮ್ಮನ ಪ್ಯಾಂಟಿನಲ್ಲಿ ಮಾತ್ರ ಹಸಿರು ಮೊಣಕಾಲು, ಜೇಬಿನಲ್ಲಿ ಒಂದು ಸೀಸದ ಕಡ್ಡಿ.

ಅಕ್ಕನಿಗೆ ತಿಳಿಯಲು ಎರಡು ನಿಮಿಷ ಹಿಡಿಯಿತು. ಈ ಕಳ್ಳರು ವಾರವಿಡೀ ಕದ್ದುಮುಚ್ಚಿ ಅಭ್ಯಾಸ ಮಾಡಿದ್ದಾರೆ. ಆಟ ಬಂದಿದೆ, ಚೆನ್ನಾಗಿಯೇ ಬಂದಿದೆ. ಬೇಕೆಂದೇ ಫೇಲಾಗುತ್ತಿದ್ದಾರೆ. ಫೇಲಾದರೆ ಇಲ್ಲೇ ಉಳಿಯಬಹುದು, ಉಳಿದರೆ ಮುಂದಿನ ಶನಿವಾರದ ಪಂದ್ಯ ಗೆಲ್ಲಬಹುದು, ಗೆದ್ದರೆ ಅಕ್ಕನ ಮೊಳೆಗೆ ಬಾವುಟ. ಅವಳು ಪ್ಯಾಂಟುಗಳನ್ನು ತಬ್ಬಿಕೊಂಡು ನಿಂತಲ್ಲೇ ಒಂದು ಸುತ್ತು ತಿರುಗಿದಳು. ಗಂಡ ಇಸ್ತ್ರಿಪೆಟ್ಟಿಗೆ ಎತ್ತಿಟ್ಟು, ಏನೇ ಆಯ್ತು ಎಂದ. ಅವಳು ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು.

"ಹಂಗಾದ್ರೆ ಮುಂದಿನ ಶನಿವಾರ ಗೆದ್ದೇ ಗೆಲ್ತೀಯ ಬಿಡು. ನೀನು ಬಾಯಿ ಮುಚ್ಕೊಂಡಿದ್ರೆ ಸಾಕು."

ಬಾಯಿ ಮುಚ್ಚಿಕೊಂಡಿರಲು ಅಕ್ಕ ನಿಜಕ್ಕೂ ಪ್ರಯತ್ನಪಟ್ಟಳು. ಸುಳ್ಳೇಕೆ, ಆ ಬಾವುಟ ಅವಳಿಗೆ ಬೇಕಾಗಿತ್ತು. ಬಟ್ಟೆ ಮೆಷಿನ್ನಿಗೆ ಹಾಕಿದಳು, ತೆಗೆದಳು, ಒಣಗಿಸಿದಳು, ಮೊಳೆಯನ್ನು ಹತ್ತು ಸಲ ನೋಡಿದಳು. ಬಾವುಟ ಮೊಳೆಗೆ ಬಂದಂತೆ, ಸೀಟಿ ಮೇಷ್ಟ್ರು ಅಂಗಡಿಗೇ ಬಂದು ನೋಡಿ ಮೂಗಿನ ಮೇಲೆ ಬೆರಳಿಟ್ಟಂತೆ ಎಲ್ಲ ಕಣ್ಣಿಗೆ ಕಟ್ಟಿತು. ಕೊನೆಗೆ ಚಿಟ್ಟೆಯ ಪ್ಯಾಂಟನ್ನು ಮಡಿಸಿ, ಅವನ ಚೀಟಿ ಅಂಟಿಸುವಾಗ ಅವಳ ಕೈ ನಿಂತಿತು.

"ರೀ, ಒಗೆದು ಶುಭ್ರ ಮಾಡಿದ ಬಟ್ಟೆ ಚೆನ್ನಾಗಿದೆ ಅಂತ ನಾವೇ ಇಟ್ಕೊಂಡ್ರೆ ಜನ ಏನಂತಾರೆ?"

ಗಂಡ ಆ ಪ್ಯಾಂಟನ್ನು ಅವಳ ಕೈಯಿಂದ ತೆಗೆದುಕೊಂಡು ವಾಪಸು ಕೊಡುವ ಬಟ್ಟೆಗಳ ಸಾಲಿಗೆ ಸೇರಿಸಿದ. ಮೂವತ್ತು ವರ್ಷದಿಂದ ಇಸ್ತ್ರಿ ಹಾಕುತ್ತಿದ್ದವನು ಅವನು, ಬಟ್ಟೆ ಯಾರದೆಂದು ಮರೆತವನಲ್ಲ.

ಭಾನುವಾರ ಬೆಳಿಗ್ಗೆ ಅವಳು ನೇರವಾಗಿ ಮೇಷ್ಟ್ರ ಮೇಜಿನ ಮುಂದೆ ನಿಂತು, ನಿನ್ನೆಯ ಓಟ, ಎಸೆತ ಎರಡನ್ನೂ ಮತ್ತೆ ತೆಗೆದುಕೊಳ್ಳಿ, ಮಕ್ಕಳು ನಾಟಕ ಆಡಿದ್ದಾರೆ ಎಂದಳು. ಮೇಷ್ಟ್ರು ಕಣ್ಣು ಕಿರಿದು ಮಾಡಿದರು.

"ಯಾರಮ್ಮ ಹೇಳಿದ್ದು?"

"ಪ್ಯಾಂಟು ಹೇಳ್ತು ಸಾರ್."

ಎಂಟು ಪ್ಯಾಂಟುಗಳ ಕಥೆ ಕೇಳಿ ಮೇಷ್ಟ್ರಿಗೆ ಮೊದಲು ಸಿಟ್ಟು ಬಂತು, ಆಮೇಲೆ ನಗು ಬಂತು. ಬಾಯಲ್ಲಿದ್ದ ಸೀಟಿ ತೆಗೆಯಲು ಮರೆತದ್ದರಿಂದ ನಗು ಪೀಪೀ ಎಂದು ಹೊರಬಿತ್ತು. ಇಪ್ಪತ್ತು ವರ್ಷದಲ್ಲಿ ಮೇಲೆ ಹೋಗಲು ಮೋಸ ಮಾಡಿದವರನ್ನು, ವಯಸ್ಸು ಕಡಿಮೆ ಬರೆಸಿದವರನ್ನು ಅವರು ನೋಡಿದ್ದರು. ಕೆಳಗೆ ಉಳಿಯಲು ಮೋಸ ಮಾಡಿದವರು ಇವರೇ ಮೊದಲು. ಮರುಪರೀಕ್ಷೆಗೆ ಒಪ್ಪಿದರು.

ಅಕ್ಕ ಮಕ್ಕಳನ್ನು ಬೇಲಿಯ ಬಳಿ ಸೇರಿಸಿದಳು.

"ಬೇಕು ಬೇಕಂತ ಚೆಂಡು ಬಿಟ್ಟೋರು ಇನ್ಮೇಲೆ ನನ್ನ ಟವೆಲ್ ರಾಶಿ ಹತ್ರ ಸುಳಿಯೋ ಹಾಗಿಲ್ಲ. ಚೆನ್ನಾಗಿ ಆಡ್ದೋರು ಯಾವ ಟೋಪಿ ಹಾಕ್ಕೊಂಡ್ರೂ ಬರಬಹುದು. ಅರ್ಥ ಆಯ್ತಾ?"

ಯಾಕೆ ಎಂದಳು ಯಾಕಮ್ಮ. ಉಳಿದವರು ಕೇಳಲಿಲ್ಲ.

ಆಮೇಲೆ ನಡೆದದ್ದನ್ನು ನೋಡಲು ಕೆಂಪು ಟೋಪಿಯವರೂ ಬಂದು ನಿಂತರು. ಚೆಂಡುಗಳು ಬೇಲಿ ದಾಟಿದವು. ಚಿಟ್ಟೆ ಹತ್ತಕ್ಕೆ ಹತ್ತು ಹಿಡಿದ, ಒಂದನ್ನು ನೆಲದ ಮೇಲೆ ಉರುಳಿಕೊಂಡು. ಅಕ್ಕ ಒಂದೊಂದು ಹೊಡೆತಕ್ಕೂ ಕುಣಿದಳು, ಕುಣಿಯುತ್ತಲೇ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಎಂಟು ಮಂದಿ ಪಾಸಾದರು. ಯಾಕಮ್ಮನಿಗೆ ಬಂದದ್ದು ಆರು ಅಂಕ. ಶನಿವಾರ ಅವಳು ಎಲ್ಲರ ಜೊತೆ ಪ್ರಾಮಾಣಿಕವಾಗಿಯೇ ನಾಟಕ ಆಡಿದ್ದಳು ಪಾಪ, ಆದರೆ ಅವಳ ನಾಟಕಕ್ಕೂ ಆಟಕ್ಕೂ ಅಂಥ ವ್ಯತ್ಯಾಸ ಇರಲಿಲ್ಲ.

ನೀಲಿಯಿಂದ ಎಂಟು ಮಂದಿ ಇಳಿದು ಬಂದರು. ಹಳದಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು, ಯಾರ ಮುಖವನ್ನೂ ನೋಡದೆ ಸಾಲಾಗಿ ನಿಂತರು. ಅಕ್ಕ ಅವರನ್ನು ಅಂಗಡಿಗೆ ಕರೆದೊಯ್ದು ಶನಿವಾರ ಮಡಿಸದೆ ಉಳಿದಿದ್ದ ಟವೆಲ್ ರಾಶಿ ತೋರಿಸಿದಳು. ಹೇಗೆ ಹಾರಬೇಕೆಂದು ಯಾಕಮ್ಮ ಹಾರಿ ತೋರಿಸಿದಳು, ಯಾಕೆ ಹಾರಬೇಕೆಂದೂ ಹೇಳಿಕೊಟ್ಟಳು. ಅರ್ಧ ಗಂಟೆಯಲ್ಲಿ ಆ ಎಂಟು ಟೋಪಿಗಳು ಎಲ್ಲಿ ಬಿದ್ದವೆಂದು ಅವರಿಗೇ ಗೊತ್ತಿರಲಿಲ್ಲ.

ಶನಿವಾರ ಬಂತು. ಎರಡು ಮೈದಾನ, ನಡುವೆ ತಂತಿ ಬೇಲಿ. ಅತ್ತ ನೀಲಿಯವರ ಪಂದ್ಯ, ಇತ್ತ ಹಳದಿಯವರದು. ನೀಲಿಯಲ್ಲಿ ಪಳಗಿ ಬಂದವರಲ್ಲವೇ, ಹೊಸ ಹಳದಿಯವರು ಮೀಸೆ ಚಿಗುರಿದವರಿಗೆ ಸರಿಸಮನಾಗಿ ನಿಂತರು. ಕೊನೆಯ ಸುತ್ತಿಗೆ ಎಂಟು ಎಂಟು, ಸಮಸಮ. ಯಾಕಮ್ಮ ಬ್ಯಾಟ್ ಹಿಡಿದು ನಿಂತವಳು ಅಂಪೈರ್ ಹತ್ತಿರ ಏನೋ ಕೇಳುತ್ತಾ ಬ್ಯಾಟ್ ಬೀಸುವುದನ್ನೇ ಮರೆತಳು. ಎದುರಾಳಿ ಹುಡುಗ ನಾಲ್ಕು ಸಲ ಅಡ್ಡಾದಿಡ್ಡಿ ಎಸೆದದ್ದರಿಂದ ಅವಳಿಗೆ ಮೊದಲ ಬೇಸ್ ಬಿಟ್ಟಿಯಾಗಿ ಸಿಕ್ಕಿತು. ಅವಳ ನಂತರ ಬಂದವರ ಹೊಡೆತಕ್ಕೆ ಎರಡನೆಯದು, ಮೂರನೆಯದು. ಇನ್ನು ಹೊರಟ ಜಾಗಕ್ಕೇ ಮರಳಿ 'ಮನೆ' ಎಂಬ ಕೊನೆಯ ಬೇಸ್ ಮುಟ್ಟಿದರೆ ಗೆಲುವು.

ಆಗ ಬೇಲಿಯಾಚೆ ಚಿಟ್ಟೆ ಚಿಟ್ಟೆ ಎಂದು ಕೂಗು ಎದ್ದಿತು. ಅಕ್ಕ ತಿರುಗಿದಳು. ಏಳು ವರ್ಷ ಕಾದ ಗೆಲುವಿಗೆ ಬೆನ್ನು ಹಾಕಿ ಬೇಲಿಗೆ ಹೋಗಿ ಅಂಟಿಕೊಂಡಳು. ದೂರದಲ್ಲಿ ನೀಲಿ ಟೋಪಿಯ ಚಿಟ್ಟೆ ಮುಖ ಮೇಲೆತ್ತಿ ಹಿಂದಕ್ಕೆ, ಇನ್ನೂ ಹಿಂದಕ್ಕೆ ಓಡುತ್ತಿದ್ದ. ಚೆಂಡು ಇಳಿಯಿತು, ಅವನ ಗ್ಲೌಸಿಗೆ ಬಿತ್ತು, ಅಲ್ಲೇ ಉಳಿಯಿತು. ಅಕ್ಕ ತಂತಿಯನ್ನು ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ಬೇಲಿಯನ್ನೇ ಕುಣಿಸಿದಳು.

ಅಷ್ಟರಲ್ಲಿ ಬೆನ್ನ ಹಿಂದೆ ಗದ್ದಲ. ತಿರುಗಿದರೆ ಧೂಳು, ಧೂಳಿನ ನಡುವೆ ಔಟಲ್ಲ ಎಂದು ಎರಡೂ ಕೈ ಅಗಲಿಸಿದ ಅಂಪೈರ್, ಅವನ ಕಾಲ ಬಳಿ ಅಂಗಾತ ಬಿದ್ದಿದ್ದ ಯಾಕಮ್ಮ. ಎಂಟು ಮಂದಿ ಅವಳ ಮೇಲೆ ಬಿದ್ದರು. ಗೆಲುವು ಬಂದುಹೋಗಿತ್ತು, ಅಕ್ಕ ಅದನ್ನು ನೋಡಿರಲಿಲ್ಲ.

ರಾಶಿಯಿಂದ ಹೊರಬಂದ ಯಾಕಮ್ಮ ಕನ್ನಡಕ ಸರಿಮಾಡಿಕೊಂಡು ನೆಟ್ಟಗೆ ಅವಳ ಹತ್ತಿರ ಬಂದಳು.

"ಅಕ್ಕ, ನೋಡಿದ್ರಾ?"

ಅಕ್ಕ ಹುಡುಗಿಯ ಭುಜ ಹಿಡಿದು ಒಂದು ಸುತ್ತು ತಿರುಗಿಸಿದಳು.

"ಆಗ ನೋಡ್ಲಿಲ್ಲ ಪುಟ್ಟಿ, ಈಗ ನೋಡ್ತಿದ್ದೀನಿ. ಅರ್ಧ ದಾರಿಲಿ ಒಂದ್ಸಲ ಮುಗ್ಗರಿಸಿದೆ, ಬಲ ಮೊಣಕಾಲು ಊರಿದೆ. ಆದ್ರೂ ಎದ್ದೆ. ಆಮೇಲೆ ಎಡಗಡೆಗೆ ಜಾರಿದೆ, ಮೊಣಕೈ ಊರಿ. ಕಣ್ಮುಚ್ಕೊಂಡಿದ್ದೆ, ರೆಪ್ಪೆ ಮೇಲೆಲ್ಲ ಧೂಳು. ಬೇಸ್ ಮುಟ್ಟಿದ್ದು ಎಡಗಾಲ ಹಿಮ್ಮಡಿ."

ಯಾಕಮ್ಮ ಬಾಯಿ ಬಿಟ್ಟುಕೊಂಡು ತನ್ನ ಪ್ಯಾಂಟನ್ನು ನೋಡಿಕೊಂಡಳು. ಹುಟ್ಟಿದ ಮೇಲೆ ಮೊದಲ ಸಲ ಅವಳು ಯಾಕೆ ಎನ್ನಲಿಲ್ಲ.

ಬಾವುಟವನ್ನು ಅಕ್ಕ ಯಾಕಮ್ಮನಿಗೇ ಕೊಟ್ಟುಬಿಟ್ಟಳು. ಈಗ ಲಾಂಡ್ರಿಗೆ ಹೋದವರಿಗೆ ಆ ಮೊಳೆಯಲ್ಲಿ ಕಾಣುವುದು ಬಾವುಟದ ಬದಲಿಗೆ ಯಾಕಮ್ಮ ಕೊಟ್ಟ ಒಂದು ಪುಟ್ಟ ಪ್ಯಾಂಟು, ಎಡ ತೊಡೆಯುದ್ದಕ್ಕೂ ಕೆಮ್ಮಣ್ಣಿನ ಗೀಟು. ಅದನ್ನು ಒಗೆಯುವುದಿಲ್ಲವೇ ಎಂದು ಗಿರಾಕಿಗಳು ಮೂಗು ಮುರಿದು ಕೇಳುತ್ತಾರೆ. ಅಕ್ಕನ ಗಂಡ ಇಸ್ತ್ರಿಯಿಂದ ತಲೆ ಎತ್ತಿ, ಅದು ಒಗೆದಾಗಿದೆ ಎನ್ನುತ್ತಾನೆ.